ಬಲಶಾಲಿಯ ಎದುರು ಮಾರ್ಷಲ್ ದಾಳಿ

ಕೇಳುಗರಿಗೆ ನಮಸ್ಕಾರ.

ತನಗಿಂತ ಬಲಶಾಲಿಯಾದವನು ಎದುರಿಗೆ ಕುಳಿತಾಗ ಚದುರಂಗದ ಆಟಗಾರ ಸಾಮಾನ್ಯವಾಗಿ ಕಾಯಿಗಳನ್ನು ಒಂದೊಂದಾಗಿ ಬದಲಾಯಿಸಿಕೊಂಡು ಹೇಗಾದರೂ ಡ್ರಾ ಮಾಡಿಕೊಳ್ಳಲು ನೋಡುತ್ತಾನೆ. ನನಗೆ ಇದು ಒಪ್ಪಿಗೆಯಿಲ್ಲ. ಕಾಯಿ ಕಡಿಮೆಯಾದಷ್ಟೂ ಆಟ ಅಂತ್ಯಘಟ್ಟಕ್ಕೆ ಹೋಗುತ್ತದೆ. ಬಲಶಾಲಿಯ ಅನುಭವ ಹೆಚ್ಚು ಫಲ ಕೊಡುವುದು ಅಲ್ಲಿಯೇ. ಅದಕ್ಕಿಂತ ಆರಂಭದಲ್ಲೇ ಏರಿ ಹೋಗುವುದು ಮೇಲು. ಆದರೆ ಎಂಥ ದಾಳಿ? 1918ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಒಂದು ಆಟವನ್ನು ನೋಡೋಣ.

ಬಿಳಿ ಕಾಯಿ ಕ್ಯೂಬಾದ ಕಾಪಾಬ್ಲಾಂಕಾ ಅವರದು, ಕಪ್ಪು ಅಮೆರಿಕದ ಫ್ರಾಂಕ್ ಮಾರ್ಷಲ್ ಅವರದು. 1909ರಲ್ಲಿ ಇಬ್ಬರ ನಡುವೆ ನಡೆದ ಪಂದ್ಯದಲ್ಲಿ ಕಾಪಾಬ್ಲಾಂಕಾ 8 ಆಟ ಗೆದ್ದು 1 ಸೋತಿದ್ದರು. ಉಳಿದ 14 ಡ್ರಾ. ಅಂಥವರ ಎದುರು ಮಾರ್ಷಲ್, ರುಯ್ ಲೋಪೆಜ್ ಎಂಬ ಆರಂಭ ಪದ್ಧತಿಯ 8ನೆಯ ನಡೆಯಲ್ಲಿ ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ನೂಕಿ, ನಡುವೆ ನಿಂತಿದ್ದ ಇನ್ನೊಂದು ಕಾಲಾಳನ್ನು ಬಿಟ್ಟುಕೊಟ್ಟರು. ಎದುರಾಳಿ ಎಲ್ಲವನ್ನೂ ಮನೆಯಲ್ಲೇ ಸಿದ್ಧಮಾಡಿಕೊಂಡು ಬಂದಿದ್ದಾರೆ ಎಂದು ಕಾಪಾಬ್ಲಾಂಕಾ ಅವರಿಗೆ ತಿಳಿಯಿತು. ತಿಳಿದೂ ಸವಾಲನ್ನು ಒಪ್ಪಿಕೊಂಡು ಕಾಲಾಳನ್ನು ಹೊಡೆದರು.

ಮಾರ್ಷಲ್ ರಭಸದಿಂದ ನುಗ್ಗಿದರು. ಮಣೆಯ ಎಂಟು ಉದ್ದಸಾಲುಗಳನ್ನು ಎ ಇಂದ ಎಚ್ ವರೆಗಿನ ಅಕ್ಷರಗಳಿಂದ ಕರೆಯುತ್ತಾರೆ. ರಾಣಿ ಬಂದಿತು, ಕುದುರೆ ಎಫ್ ಸಾಲಿನ ಕಾಲಾಳನ್ನು ಹೊಡೆಯಿತು, ಒಂಟೆಗಳು ರಾಜನ ಸುತ್ತ ಸೇರಿದವು. ಆಗ ಕಾಪಾಬ್ಲಾಂಕಾ ಅವರ ರಾಜ ಮೂಲೆ ಬಿಟ್ಟು, ಒಂದೊಂದೇ ಹೆಜ್ಜೆಯಿಟ್ಟು ಮಣೆಯ ನಡುವಿನಿಂದಲೇ ದಾಟಿ ಸಿ ಸಾಲು ಸೇರಿಕೊಂಡ. ಆ ನಡಿಗೆಯನ್ನು ಮಣೆಯ ಮೇಲೆ ಇಟ್ಟು ನೋಡಿದಾಗಲೆಲ್ಲ ಮೈ ನವಿರೇಳುತ್ತದೆ. ದಾಳಿಯ ಕಾವು ಇಳಿದ ಮೇಲೆ ಬಿಳಿಯ ಕಾಲಾಳುಗಳು ಇನ್ನೊಂದು ಬದಿಯಲ್ಲಿ ಮುಂದೊತ್ತಿದವು. 36ನೆಯ ನಡೆಗೆ ಆಟ ಮುಗಿಯಿತು, ಗೆದ್ದವರು ಕಾಪಾಬ್ಲಾಂಕಾ.

ಸೋತ ಆಟವೆಂದು, ಮಾರ್ಷಲ್ ದಾಳಿ ಎಂದು ಹೆಸರಾದ ಈ ದಾಳಿಯನ್ನು ಲೋಕ ಬಿಸಾಡಲಿಲ್ಲ. ದೋಷ ಇದ್ದದ್ದು 11ನೆಯ ನಡೆಯಲ್ಲಿ. ಮಣೆಯ ನಡುವೆ ಭದ್ರವಾಗಿ ನಿಂತಿದ್ದ ಕುದುರೆಯನ್ನು ಮಾರ್ಷಲ್ ಹಿಂದಕ್ಕೆ ಎಳೆದುಕೊಂಡಿದ್ದರು. ಅದರ ಬದಲು ಸಿ ಸಾಲಿನ ಕಾಲಾಳನ್ನು ಒಂದು ಮನೆ ಸರಿಸಿದರೆ ಕುದುರೆಗೆ ಆಸರೆ ಸಿಗುತ್ತದೆ. ಮುಂದಿನ ನಡೆಗಳಲ್ಲಿ ಒಂಟೆ ರಾಜನತ್ತ ತಿರುಗುತ್ತದೆ, ರಾಣಿ ಎಚ್ ಸಾಲಿಗೆ ಬರುತ್ತಾಳೆ, ಬಿಳಿಯವನು ಜಿ ಸಾಲಿನ ಕಾಲಾಳನ್ನು ಸರಿಸಿ ರಾಣಿಯನ್ನು ತಡೆಯಬೇಕಾಗುತ್ತದೆ. ಹಾಗೆ ಸರಿಸಿದೊಡನೆ ರಾಜನ ಸುತ್ತಲಿನ ಬಿಳಿ ಮನೆಗಳಿಗೆ ಕಾವಲಿಲ್ಲ. ಅವನ ಕೈಯಲ್ಲಿ ಒಂದು ಕಾಲಾಳು ಹೆಚ್ಚಿದೆ, ನಿಜ. ಆದರೆ ರಾಣಿಯ ಬದಿಯ ಆನೆ, ಕುದುರೆ, ಒಂಟೆ ಮೂರೂ ಇನ್ನೂ ಹುಟ್ಟಿದ ಮನೆಯಲ್ಲೇ ಇವೆ.

ಬಲಶಾಲಿಯ ಎದುರು ಆಡಬೇಕಾದದ್ದು ಇಂಥ ದಾಳಿ. ಎದುರಾಳಿ ಸರಿಯಾದ ಉತ್ತರವನ್ನೇ ಕೊಟ್ಟರೂ ಕಪ್ಪಿಗೆ ಏನಾದರೂ ಉಳಿದಿರುತ್ತದೆ. ಅವನು ಎಡವಿದರೆ ಮಾತ್ರ ಫಲಿಸುವ ಬಲೆಗಳನ್ನು ನಂಬಬಾರದು. ಬಲಶಾಲಿ ಎಡವುವುದು ಅಪರೂಪ. ನಮ್ಮ ಕಾಲದಲ್ಲೂ ಅರೋನಿಯನ್ ಅವರಂಥ ಗ್ರ್ಯಾಂಡ್‌ಮಾಸ್ಟರ್‌ಗಳು ಮಾರ್ಷಲ್ ದಾಳಿಯನ್ನು ಧೈರ್ಯವಾಗಿ ಆಡಿದ್ದಾರೆ.

ಅದನ್ನು ಆಡಲು ಅವಕಾಶವನ್ನೇ ಕೊಡದವರೂ ಇದ್ದಾರೆ. 1993ರಲ್ಲಿ ಲಂಡನ್ನಿನಲ್ಲಿ ನಡೆದ ವಿಶ್ವ ಪಟ್ಟದ ಪಂದ್ಯದಲ್ಲಿ ನೈಜೆಲ್ ಶಾರ್ಟ್ ಎದುರು ಬಿಳಿ ಕಾಯಿಯ ಕ್ಯಾಸ್ಪರೋವ್ ಮೊದಲ ಆಟದಲ್ಲೇ 8ನೆಯ ನಡೆಗೆ ಎ ಸಾಲಿನ ಕಾಲಾಳನ್ನು ಮುಂದಿಟ್ಟು ಪಕ್ಕಕ್ಕೆ ಸರಿದರು. ಶಾರ್ಟ್ ಒಂಟೆಯನ್ನು ಬಿ ಸಾಲಿಗೆ ತಂದು ಉತ್ತರಿಸಿದರು. ಮಾರ್ಷಲ್ ದಾಳಿ ಕಲಿಯುವ ಎಳೆಯರು ಈ ಶಾಂತವಾದ ದಾರಿಯನ್ನೂ ಜೊತೆಯಲ್ಲೇ ಕಲಿತಿರಬೇಕು. ಸ್ಪರ್ಧೆಗಳಲ್ಲಿ ಅದೂ ಎದುರಾಗುತ್ತದೆ.

ನಮಸ್ಕಾರ.