ಬ್ಯಾಲೆನ್ಸಿಂಗ್ ಸರಿ ಇದೆ, ಆದರೂ ಹೊಸ ಅಲಾಯ್ ಹಾಕಿದ ಕಾರು ಯಾಕೆ ನಡುಗುತ್ತದೆ?

ಸಣ್ಣ ಕಾರಿಗೆ ಹೊಸ ಅಲಾಯ್ ಹಾಕಿಸಿದ್ದಾರೆ. ನಾಲ್ಕೂ ನಟ್ ಸಲೀಸಾಗಿ ಕೂತಿವೆ. ಎಲ್ಲೂ ತಾಗುತ್ತಿಲ್ಲ. ನೋಡಲಿಕ್ಕೂ ಚೆನ್ನಾಗಿದೆ. ಆದರೆ ವೇಗ 80 ದಾಟಿದರೆ ಸಾಕು, ಸ್ಟೀರಿಂಗ್ ನಡುಗಲು ಶುರು. ಮತ್ತೆ ಮತ್ತೆ ಬ್ಯಾಲೆನ್ಸಿಂಗ್, ಅಂದರೆ ಚಕ್ರದ ತೂಕ ಸುತ್ತಲೂ ಸಮ ಮಾಡುವ ಕೆಲಸ, ಮಾಡಿಸಿದ್ದಾರೆ, ಪ್ರತಿ ಸಲವೂ ಮೆಷಿನ್ ಸೊನ್ನೆ ತೋರಿಸಿದೆ. ಹಾಗಾದರೆ ತೊಂದರೆ ಎಲ್ಲಿದೆ ಅಂತ ನಮ್ಮ ನೋಡುಗರೊಬ್ಬರು ಕೇಳಿದ್ದರು. ಈ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಯಾಕೆಂದರೆ ಇಲ್ಲಿ ಮೆಷಿನ್ ಹೇಳುತ್ತಿರುವುದೂ ನಿಜ, ಸ್ಟೀರಿಂಗ್ ಹೇಳುತ್ತಿರುವುದೂ ನಿಜ.

ಮೊದಲು ಬೇಸಿಕ್ ವಿಷಯ, ಬೇಗ ಮುಗಿಸೋಣ.

(ಪರದೆಯ ಮೇಲೆ: 185/65 ಆರ್15 88ಎಚ್)

ಟೈರಿನ ಮೇಲೆ ಹೀಗೆ ಬರೆದಿರುತ್ತದೆ. 185 ಅಂದರೆ ಅಗಲ, ಮಿಲಿಮೀಟರ್‌ನಲ್ಲಿ. 65 ಅಂದರೆ ಟೈರಿನ ಪಕ್ಕದ ಗೋಡೆಯ ಎತ್ತರ, ಆ ಅಗಲದ 65 ಪರ್ಸೆಂಟ್. 15 ಅಂದರೆ ರಿಮ್‌ನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರ್, ಪರ್ಸೆಂಟ್, ಇಂಚು ಮೂರೂ ತುರುಕಿದ್ದಾರೆ, ಯಾವ ಪುಣ್ಯಾತ್ಮರೋ! ಮಿಶೆಲಿನ್ 1975ರಲ್ಲಿ ಟಿಆರ್‌ಎಕ್ಸ್ ಅಂತ ಮಿಲಿಮೀಟರ್ ಅಳತೆಯ ರಿಮ್ ತಂದಿತ್ತು, ಅದು ಬೇರೂರಲಿಲ್ಲ. ಇಂಚೇ ಗೆದ್ದಿತು. ಇನ್ನು 88 ಅಂದರೆ ಒಂದು ಟೈರು 560 ಕೆ.ಜಿ. ಹೊರಬಲ್ಲದು, ಎಚ್ ಅಂದರೆ ಗಂಟೆಗೆ 210 ಕಿ.ಮೀ. ತನಕದ ವೇಗಕ್ಕೆ ಮಾಡಿದ್ದು.

(ಪರದೆಯ ಮೇಲೆ: 6ಜೆ×15, 4×100, ಇಟಿ45, 54.1)

ಇದು ರಿಮ್‌ನದ್ದು. ಅಗಲ 6 ಇಂಚು, ವ್ಯಾಸ 15 ಇಂಚು. 4×100 ಅಂದರೆ 100 ಮಿ.ಮೀ. ವ್ಯಾಸದ ವೃತ್ತದ ಮೇಲೆ ನಾಲ್ಕು ಬೋಲ್ಟ್, ಅದೇ ಪಿಸಿಡಿ. ನಾಲ್ಕು ತೂತಿದ್ದರೆ ಎದುರುಬದುರು ತೂತುಗಳ ನಡುವಿನ ದೂರ ಅಳೆದರೆ ಆಯಿತು. ಐದು ತೂತಿದ್ದರೆ ಎದುರಿಗೆ ತೂತೇ ಇರುವುದಿಲ್ಲ! ಆಗ ಅಕ್ಕಪಕ್ಕದ ಎರಡು ತೂತುಗಳ ನಡುವಿನ ದೂರ ಅಳೆದು 1.7ರಿಂದ ಗುಣಿಸಿ. ಒಂದು ಎಚ್ಚರಿಕೆ: 4×98 ಅಂತಲೂ ಒಂದು ಅಳತೆ ಇದೆ. ಅದನ್ನು 4×100ಕ್ಕೆ ಒತ್ತಾಯದಿಂದ ಕೂರಿಸಬಹುದು, ನಟ್ ಹಿಡಿದ ಹಾಗೇ ಕಾಣುತ್ತದೆ. ಆದರೆ ಪ್ರತಿ ಬೋಲ್ಟೂ ಓರೆಯಾಗಿ ಎಳೆದುಕೊಂಡಿರುತ್ತದೆ. ದಯವಿಟ್ಟು ಬೇಡ.

ಈಗ ಆ ಕೊನೆಯ ಅಂಕಿ, 54.1. ರಿಮ್‌ನ ನಡುವಿನ ತೂತಿನ ವ್ಯಾಸ, ಮಿ.ಮೀ.ನಲ್ಲಿ. ರಿಮ್ ಕೊಳ್ಳುವಾಗ ಯಾರೂ ಇದನ್ನು ಕೇಳುವುದಿಲ್ಲ. ನಮ್ಮ ಕಥೆ ಇರುವುದೇ ಇಲ್ಲಿ.

ಚಕ್ರ ಬಿಚ್ಚಿದರೆ ಹಬ್‌ನ, ಅಂದರೆ ಚಕ್ರ ಕೂರುವ ಕಾರಿನ ಭಾಗದ, ನಡುವೆ ಒಂದು ದುಂಡನೆಯ ಅಂಚು ಮುಂದೆ ಚಾಚಿಕೊಂಡಿರುವುದು ಕಾಣುತ್ತದೆ. ಕಂಪನಿಯ ರಿಮ್‌ನ ನಡುವಿನ ತೂತು ಇದರ ಮೇಲೆ ಬಿಗಿಯಾಗಿ ಕೂರುತ್ತದೆ. ಬೀಸುಕಲ್ಲಿನ ಗೂಟ ನೆನಪಿಸಿಕೊಳ್ಳಿ. ಗೂಟಕ್ಕಿಂತ ಮೇಲುಕಲ್ಲಿನ ತೂತು ದೊಡ್ಡದಾದರೆ ಕಲ್ಲು ತಿರುಗುತ್ತದೆ, ಆದರೆ ಓಲಾಡುತ್ತದೆ.

ಈ ಗೂಟದ ಅಳತೆ ಒಂದೊಂದು ಕಂಪನಿಯದ್ದು ಒಂದೊಂದು. 4×100 ಇರುವ ಟೊಯೋಟಾ, ಸುಜುಕಿ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 54.1, ಹೋಂಡಾದಲ್ಲಿ 56.1. ಹೊರಗಿನ ರಿಮ್ ಮಾಡುವವರು ಪ್ರತಿ ಕಾರಿಗೂ ಬೇರೆ ತೂತು ಕೊರೆಯುತ್ತಾ ಕೂರುತ್ತಾರಾ? ಇಲ್ಲ. 67.1 ಅಥವಾ 73.1 ಅಂತ ದೊಡ್ಡದಾಗಿ ಕೊರೆದು, ಎಲ್ಲರಿಗೂ ಅದೇ ಮಾರುತ್ತಾರೆ. 54.1ರ ಹಬ್ ಮೇಲೆ 73.1ರ ತೂತು ಅಂದರೆ ಸುತ್ತಲೂ ಒಂಬತ್ತೂವರೆ ಮಿ.ಮೀ. ಖಾಲಿ ಜಾಗ. ಚಕ್ರ ಆಗ ಹಬ್ ಮೇಲೆ ಕೂತಿಲ್ಲ, ನಟ್‌ಗಳಿಂದ ನೇತಾಡುತ್ತಿದೆ. ನಟ್‌ನ ಕೋನ್ ಆಕಾರ ಅದನ್ನು ನಡುವಿಗೆ ತರಲು ನೋಡುತ್ತದೆ, ಸುಳ್ಳಲ್ಲ. ಆದರೆ ಚಕ್ರ ನೆಲಕ್ಕೆ ತಾಗಿರುವಾಗಲೇ ಯಾರೋ ನಟ್ ಬಿಗಿಯುವ ಗನ್ ಹಿಡಿದು ಒಂದು ನಟ್ಟನ್ನು ಟರ್ರ್ ಅಂತ ಬಿಗಿದುಬಿಟ್ಟರೆ ಚಕ್ರ ಅಲ್ಲೇ ಓರೆಯಾಗಿ ನಿಂತುಬಿಡುತ್ತದೆ.

ಎಷ್ಟು ಓರೆ? ಅರ್ಧ ಮಿ.ಮೀ. ಅಂತಲೇ ಇಟ್ಟುಕೊಳ್ಳಿ. ಅಷ್ಟೇನಾ ಅನ್ನಬೇಡಿ, ಲೆಕ್ಕ ಹಾಕೋಣ. ಟೈರು, ರಿಮ್ ಸೇರಿ 16 ಕೆ.ಜಿ. 16,000 ಗ್ರಾಂ ತೂಕ ಅರ್ಧ ಮಿ.ಮೀ. ಸರಿದಿದೆ, ಗುಣಿಸಿದರೆ 8,000. ಇದನ್ನು ರಿಮ್‌ನ ಅಂಚಿನ ದೂರದಿಂದ ಭಾಗಿಸಿ. 16 ಇಂಚಿನ ರಿಮ್‌ಗೆ ಅದು ಸುಮಾರು 200 ಮಿ.ಮೀ. ಉತ್ತರ 40 ಗ್ರಾಂ. ಅಂದರೆ ಕೂದಲೆಳೆಯಷ್ಟು ಸರಿದ ಚಕ್ರ, ಅಂಚಿನಲ್ಲಿ 40 ಗ್ರಾಂ ತೂಕ ತಪ್ಪಿಹೋದ ಚಕ್ರಕ್ಕೆ ಸಮ! ಬ್ಯಾಲೆನ್ಸಿಂಗ್‌ನವರು ಐದು, ಹತ್ತು ಗ್ರಾಂ ತುಂಡುಗಳನ್ನು ನಾಜೂಕಾಗಿ ಅಂಟಿಸುತ್ತಾರೆ. ಇಲ್ಲಿ 40 ಗ್ರಾಂ ಸುಮ್ನೆ ಹೋಯಿತು.

ಹಾಗಾದರೆ ಮೆಷಿನ್‌ಗೆ ಯಾಕೆ ಗೊತ್ತಾಗಲಿಲ್ಲ? ಸಾಮಾನ್ಯವಾಗಿ ಮೆಷಿನ್ ಚಕ್ರವನ್ನು ನಟ್‌ನಿಂದ ಹಿಡಿಯುವುದಿಲ್ಲ. ನಡುವಿನ ತೂತಿಗೆ ಒಂದು ಕೋನ್ ತೂರಿಸಿ, ಅದೇ ತೂತನ್ನು ಕೇಂದ್ರ ಮಾಡಿಕೊಂಡು ತಿರುಗಿಸುತ್ತದೆ. ಅಲ್ಲಿ ಚಕ್ರ ನಿಜಕ್ಕೂ ಸರಿಯಾಗಿದೆ. ಕಾರಿನಲ್ಲಿ ಅದೇ ಚಕ್ರ ಬೇರೊಂದು ಕೇಂದ್ರದ ಸುತ್ತ ತಿರುಗುತ್ತಿದೆ. ಹೀಗೆ ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಕೂರಿಸುವ ಕಡೆಯ ತಪ್ಪು ಅಲ್ಲೇ ಉಳಿಯುತ್ತದೆ.

ಪರಿಹಾರ ಒಂದು ಪುಟ್ಟ ಬಳೆ, ಹಬ್ ರಿಂಗ್. ಹೊರಗಿನ ಅಳತೆ ರಿಮ್‌ನ ತೂತಿಗೆ, ಒಳಗಿನ ಅಳತೆ ಹಬ್‌ಗೆ. ಪ್ಲಾಸ್ಟಿಕ್ ಬಳೆ ಕಾರಿನ ಭಾರ ಹೊರುತ್ತದಾ ಅಂತ ವಾದ ಮಾಡುವವರಿದ್ದಾರೆ. ಹೊರಬೇಕಿಲ್ಲ ಸ್ವಾಮಿ. ನಟ್ ಬಿಗಿದಾಗ ರಿಮ್ ಹಬ್‌ಗೆ ಒತ್ತಿಕೊಂಡು ಹುಟ್ಟುವ ಘರ್ಷಣೆಯೇ ಭಾರ ಹೊರುವುದು. ಬಳೆಯ ಕೆಲಸ ಬಿಗಿಯುವ ತನಕ ಚಕ್ರವನ್ನು ನಡುವಲ್ಲಿ ಇಡುವುದು ಮಾತ್ರ. ಆಮೇಲೆ ಚಕ್ರ ಎತ್ತಿರುವಾಗಲೇ ನಟ್‌ಗಳನ್ನು ಕೈಯಲ್ಲಿ ಹತ್ತಿಸಿ, ಎದುರುಬದುರಾಗಿ ಬಿಗಿಯಿರಿ.

ನಟ್ ಅಂದ ಮೇಲೆ ಇನ್ನೊಂದು. ಹೋಂಡಾದ ಕಂಪನಿ ನಟ್‌ನ ಕೂರುವ ಭಾಗ ಗೋಲಿಯಂತೆ ದುಂಡು. ಹೊರಗಿನ ಅಲಾಯ್‌ಗಳಲ್ಲಿ ಹೆಚ್ಚಿನವು 60 ಡಿಗ್ರಿ ಕೋನ್. ದುಂಡು ನಟ್ಟನ್ನು ಕೋನ್ ತೂತಿಗೆ ಹಾಕಿದರೆ ತೆಳ್ಳನೆಯ ಒಂದು ಗೆರೆಯಲ್ಲಿ ಮಾತ್ರ ತಾಗುತ್ತದೆ, ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ. ನಡುಗುವುದಕ್ಕಿಂತ ಇದು ಜಾಸ್ತಿ ಅಪಾಯ. ನಟ್‌ನ ಥ್ರೆಡ್, ಅಂದರೆ ಒಳಗಿನ ತಿರುಪಿನ ಗೆರೆಗಳೂ ಬೇರೆ ಬೇರೆ: ಹೋಂಡಾ, ಟೊಯೋಟಾದಲ್ಲಿ ಸಾಮಾನ್ಯವಾಗಿ ಎಂ12×1.5 (12 ಮಿ.ಮೀ. ಬೋಲ್ಟ್, ಗೆರೆಗಳ ನಡುವೆ 1.5 ಮಿ.ಮೀ.), ಸುಜುಕಿಯಲ್ಲಿ ಎಂ12×1.25.

ಆಫ್‌ಸೆಟ್, ಅಂದರೆ ಆ ಇಟಿ45. ಹಬ್‌ಗೆ ತಾಗುವ ಮುಖ ರಿಮ್‌ನ ನಡುಗೆರೆಯಿಂದ 45 ಮಿ.ಮೀ. ಹೊರಗಿದೆ ಅಂತ ಅರ್ಥ. ಅಂಕಿ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ. 6 ಇಂಚು ಇಟಿ45 ತೆಗೆದು 7 ಇಂಚು ಇಟಿ35 ಹಾಕಿದರೆ ಹೊರಗೆ ಸುಮಾರು 23 ಮಿ.ಮೀ. ಚಾಚುತ್ತದೆ, ಒಳಗೂ ಸುಮಾರು 3 ಮಿ.ಮೀ. ಹೋಗುತ್ತದೆ. ಬೇರಿಂಗ್ ಮೇಲೆ ಒತ್ತಡ ಹೆಚ್ಚು, ಬಾಗಿಲಿಗೆಲ್ಲ ಕೆಸರು. ಕೆಲವರಿಗೆ ಆ ನೋಟವೇ ಇಷ್ಟ, ನನಗಂತೂ ಅಲ್ಲ.

ಟೈಮ್ ಆಗುತ್ತಾ ಬಂತು, ಉಳಿದದ್ದು ಓಡಿಸಿಬಿಡುತ್ತೇನೆ.

ರಿಮ್ ದೊಡ್ಡದಾದರೆ ಗೋಡೆ ಚಿಕ್ಕದಾಗಬೇಕು, ಒಟ್ಟು ಎತ್ತರ ಬದಲಾಗಬಾರದು. 185/65 ಆರ್15ರ ಎತ್ತರ 621.5 ಮಿ.ಮೀ., 195/55 ಆರ್16ರದ್ದು 620.9. ಹೆಚ್ಚುಕಡಿಮೆ ಒಂದೇ. ಆದರೆ 205/65 ಆರ್15 ಹಾಕಿದರೆ 647.5. ಸ್ಪೀಡೋಮೀಟರ್ ಮೊದಲು ಸರಿ ಇತ್ತು ಅಂದುಕೊಂಡರೆ, ಈಗ 100 ತೋರಿಸುವಾಗ ನೀವು 104ರಲ್ಲಿ ಇರುತ್ತೀರಿ. 205/45 ಆರ್17 ಎತ್ತರದಲ್ಲಿ ಹೊಂದುತ್ತದೆ, ಆದರೆ ಗೋಡೆ 120ರಿಂದ 92 ಮಿ.ಮೀ.ಗೆ ಇಳಿಯುತ್ತದೆ. ಗುಂಡಿಗೆ ಬಿದ್ದಾಗ ಏಟು ತಿನ್ನುವುದು ರಿಮ್. ಸಣ್ಣ ಕಾರಿಗೆ ನಾನಾದರೆ 16ಕ್ಕೇ ನಿಲ್ಲುತ್ತೇನೆ. ಭಾರದ ಅಂಕಿಯನ್ನೂ ನೋಡಿ: ಇದೇ 17ರ ಟೈರು 84 ಅಂತಲೂ ಬರುತ್ತದೆ, 88 ಅಂತಲೂ ಬರುತ್ತದೆ. ಒಂದು 500 ಕೆ.ಜಿ., ಇನ್ನೊಂದು 560. ಕಾರಿನ ಸ್ಟಿಕ್ಕರ್ ಹೇಳಿದ್ದಕ್ಕಿಂತ ಕೆಳಗೆ ಇಳಿಯಬೇಡಿ.

ಕೊಳ್ಳುವ ಮುಂಚೆ ಒಂದು ರಿಮ್ಮನ್ನು ಮುಂದಿನ ಚಕ್ರದ ಜಾಗದಲ್ಲಿ ಇಟ್ಟು, ಬ್ರೇಕ್ ಕ್ಯಾಲಿಪರ್‌ಗೆ (ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ) ರಿಮ್‌ನ ಕಡ್ಡಿ ತಾಗುತ್ತದಾ ನೋಡಿ. ಟೈರ್ ಹಾಕಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಹಿಂದಿನ ಸೀಟಿನಲ್ಲಿ ಜನ ಕೂರಿಸಿಕೊಂಡು ಉಬ್ಬು ಹತ್ತಿಸಿ. 50ರಿಂದ 100 ಕಿ.ಮೀ. ಓಡಿದ ಮೇಲೆ, ಕಾರಿನ ಪುಸ್ತಕದಲ್ಲಿ ಹೇಳಿದ ಟಾರ್ಕ್‌ಗೆ, ಅಂದರೆ ಬಿಗಿತದ ಅಳತೆಗೆ, ನಟ್‌ಗಳನ್ನು ಇನ್ನೊಮ್ಮೆ ಬಿಗಿಸಿ.

ಹಳೇ ನಟ್‌ಗಳನ್ನು ಮಾತ್ರ ಎಸೆಯಬೇಡಿ, ಡಿಕ್ಕಿಯಲ್ಲೇ ಇಡಿ. ನಿಮ್ಮ ಸ್ಪೇರ್ ಚಕ್ರ ಇನ್ನೂ ಕಂಪನಿಯದ್ದೇ ಅಲ್ವಾ, ಪಂಕ್ಚರ್ ಆದ ದಿನ ಅದಕ್ಕೆ ಹೊಂದುವುದು ಅವೇ.