ಕರಕಲಾದ ಪ್ಲಗ್ಗಿನ ಲೆಕ್ಕ

ಎಲ್ಲರಿಗೂ ನಮಸ್ಕಾರ. ಮೊದಲು ಈ ಪ್ಲಗ್ಗನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ, ಕೈಯಲ್ಲಿ ಹಿಡಿದು ನೋಡಿ. ನಮ್ಮ ಮನೆಯ ಬಚ್ಚಲಿನ ಗೀಸರಿನದು. ಎರಡು ಪಿನ್ನು ಹಿತ್ತಾಳೆ ಬಣ್ಣದಲ್ಲೇ ಇವೆ. ಮೂರನೆಯದು ಕಪ್ಪಗಾಗಿ, ಅದರ ಬುಡದಲ್ಲಿ ಪ್ಲಾಸ್ಟಿಕ್ ಕರಗಿ ಗುಳ್ಳೆಯೆದ್ದಿದೆ. ನೀರು ಎಂದಿನಂತೆಯೇ ಕಾಯುತ್ತಿತ್ತು, ಎಂಸಿಬಿ (ಹರಿವು ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು) ಬಿದ್ದಿರಲಿಲ್ಲ. ಸುಟ್ಟ ವಾಸನೆ ಬಂತು, ಅಷ್ಟೆ. ಯಾಕೆ ಸುಟ್ಟಿತು ಅನ್ನುವುದನ್ನು ಎರಡು ಅಳತೆ, ಒಂದು ಭಾಗಾಕಾರ, ಒಂದು ಗುಣಾಕಾರದಲ್ಲಿ ಹೇಳಬಹುದು.

ಅದಕ್ಕೂ ಮುಂಚೆ ನಮ್ಮ ಮಾತಿನಲ್ಲೇ ಇರುವ ಒಂದು ತೊಡಕು ಬಿಡಿಸಿಕೊಳ್ಳೋಣ. ‘ಕರೆಂಟ್ ಹೋಯ್ತು’, ‘ಕರೆಂಟ್ ಬಂತು’ ಅನ್ನುತ್ತೇವಲ್ಲ, ಆಗ ಹೋಗಿ ಬರುವುದು ನಿಜವಾಗಿ ವೋಲ್ಟೇಜು. ಮನೆಯ ಸ್ವಿಚ್ಚೆಲ್ಲ ಆರಿಸಿದರೂ ಬೋರ್ಡಿನ ಹಿಂದೆ 230 ವೋಲ್ಟ್ ಕಾದು ಕೂತೇ ಇರುತ್ತದೆ. ಹರಿವು ಮಾತ್ರ ಸೊನ್ನೆ. ವೋಲ್ಟ್ ಎಂದರೆ ತಳ್ಳುವ ಒತ್ತಡ, ಆಂಪಿಯರ್ ಎಂದರೆ ಹರಿವಿನ ಪ್ರಮಾಣ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಅಂದರೆ ಹರಿವಿಗೆ ಇರುವ ತಡೆ, ಅದು ಓಮ್‌ಗಳಲ್ಲಿ. ಎರಡನ್ನೂ ಗುಣಿಸಿದರೆ ಸಾಮರ್ಥ್ಯ, ಅದು ವ್ಯಾಟ್‌ಗಳಲ್ಲಿ.

ನನ್ನ ಗೀಸರ್ 2000 ವ್ಯಾಟಿನದು. 230 ವೋಲ್ಟಿನಲ್ಲಿ 8.7 ಆಂಪಿಯರ್ ಎಳೆಯುತ್ತದೆ. 230ನ್ನು 8.7ರಿಂದ ಭಾಗಿಸಿ: ಕಾಯಿಲಿನ ರೋಧ ಸುಮಾರು 26.4 ಓಮ್. ಅದೇ ಕಾಯಿಲಿಗೆ ಬೇಸಿಗೆಯ ಸಂಜೆ 180 ವೋಲ್ಟ್ ಮಾತ್ರ ಬಂದರೆ 6.8 ಆಂಪಿಯರ್, ಸುಮಾರು 1225 ವ್ಯಾಟ್. ವೋಲ್ಟೇಜ್ ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಇಳಿದರೆ ಶಾಖ ಹೆಚ್ಚುಕಡಿಮೆ ಐದರಲ್ಲೆರಡು ಪಾಲು ಇಳಿಯುತ್ತದೆ. ‘ಲೋ ವೋಲ್ಟೇಜು, ನೀರೇ ಕಾಯಲ್ಲ’ ಎಂದು ಮನೆಯಲ್ಲಿ ಗೊಣಗುವುದರಲ್ಲಿ ತಪ್ಪಿಲ್ಲ.

‘ಮಲ್ಟಿಮೀಟರ್ ಇಟ್ಟರೆ ಓಮ್ ನೇರವಾಗಿ ಕಾಣುತ್ತಲ್ಲ ಸಾರ್, ಲೆಕ್ಕ ಯಾಕೆ?’ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಹಳೆಯ 100 ವ್ಯಾಟಿನ ಬಲ್ಬು ತೆಗೆದುಕೊಳ್ಳಿ, ಟಂಗ್‌ಸ್ಟನ್ ತಂತಿಯದು. ಆರಿರುವಾಗ ಮೀಟರ್ ಇಟ್ಟರೆ 40 ಓಮ್ ಆಸುಪಾಸು ತೋರಿಸುತ್ತದೆ. 230 ವೋಲ್ಟಿಗೆ 40 ಓಮ್ ಎಂದರೆ 1300 ವ್ಯಾಟ್ ದಾಟಬೇಕು! ಉರಿಯುವಾಗ ಅಳೆಯಿರಿ: 0.435 ಆಂಪಿಯರ್, ಅಂದರೆ 529 ಓಮ್. ತಂತಿ ಬೆಳ್ಳಗೆ ಕಾದಾಗ ಅದರ ರೋಧ ಹತ್ತು ಪಟ್ಟಿಗೂ ಮೇಲೆ ಏರಿರುತ್ತದೆ. ಬಲ್ಬು ಹೆಚ್ಚಾಗಿ ಸ್ವಿಚ್ ಹಾಕಿದ ಗಳಿಗೆಯಲ್ಲೇ ಹೋಗುತ್ತಿದ್ದುದು ಇದಕ್ಕೇ. ತಣ್ಣಗಿದ್ದ ತಂತಿಯಲ್ಲಿ ಆ ಕ್ಷಣಕ್ಕೆ ಐದಾರು ಆಂಪಿಯರ್ ನುಗ್ಗುತ್ತದೆ.

ಹಾಗಾಗಿ ವಸ್ತು ಕೆಲಸ ಮಾಡುತ್ತಿರುವಾಗಲೇ ವೋಲ್ಟ್, ಆಂಪಿಯರ್ ಎರಡನ್ನೂ ಅಳೆಯಬೇಕು. ವೋಲ್ಟೇಜು, ಹರಿವು, ರೋಧಗಳ ನಂಟು ಹೇಳುವ ತನ್ನ ನಿಯಮವನ್ನು ಜರ್ಮನಿಯ ಗೇಆರ್ಗ್ ಓಮ್ 1827ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಆಗ ಅವನು ಶಾಲಾ ಮೇಷ್ಟ್ರು. ಬ್ಯಾಟರಿಯ ವೋಲ್ಟೇಜ್ ಒಂದೇ ಸಮ ನಿಲ್ಲದೆ ಅವನ ಅಳತೆಗಳು ಕೆಟ್ಟವು. ಕೊನೆಗೆ ಎರಡು ಲೋಹಗಳ ಜೋಡಣೆಯ ಒಂದು ತುದಿಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿಟ್ಟು ಅಲುಗದ ವೋಲ್ಟೇಜು ಪಡೆದ. ಆ ತಾಳ್ಮೆಯನ್ನು ನೆನೆದಾಗಲೆಲ್ಲ ನನಗೆ ಕೈಮುಗಿಯಬೇಕೆನಿಸುತ್ತದೆ.

ಈಗ ಪ್ಲಗ್ಗಿಗೆ ಬರೋಣ. ಗೀಸರ್ ಓಡುತ್ತಿರುವಾಗ ಮೀಟರಿನ ಒಂದು ಮೊನೆಯನ್ನು ಸಾಕೆಟ್ಟಿನ ಹಿಂದಿನ ಸ್ಕ್ರೂಗೆ, ಇನ್ನೊಂದನ್ನು ಪ್ಲಗ್ಗಿನೊಳಗಿನ ಸ್ಕ್ರೂಗೆ ಹಿಡಿದೆ. (ತರಬೇತಿ ಇಲ್ಲದವರು ಇದಕ್ಕೆ ಕೈಹಾಕಬೇಡಿ. ಜೀವಕ್ಕೆ ಅಪಾಯ.) ನಡುವೆ ಇರುವುದು ಒಂದು ಪಿನ್ನು, ಅದನ್ನು ಹಿಡಿದುಕೊಂಡ ಹಿತ್ತಾಳೆ ಪಟ್ಟಿ. ಸೊನ್ನೆಯ ಹತ್ತಿರ ಇರಬೇಕಿತ್ತು. 4.2 ವೋಲ್ಟ್ ತೋರಿಸಿತು. ತಂತಿಯ ಸುತ್ತ ಹಿಡಿದು ಹರಿವು ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ 8.4 ಆಂಪಿಯರ್. ಭಾಗಿಸಿದರೆ ಅರ್ಧ ಓಮ್. ಗುಣಿಸಿದರೆ 35 ವ್ಯಾಟ್. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಸಾಮಾನ್ಯವಾಗಿ 25 ವ್ಯಾಟಿನದು, ಸೀಸ-ತವರ ಕರಗಿಸಲು ಅಷ್ಟು ಸಾಕು. ಅದಕ್ಕಿಂತ ಹೆಚ್ಚು ಶಾಖ ಬೆರಳುಗುರಿನಷ್ಟು ಜಾಗದಲ್ಲಿ, ದಿನಾ ಬೆಳಿಗ್ಗೆ. ಎಂಸಿಬಿಗೆ ಇದು ಗೊತ್ತಾಗುವುದೇ ಇಲ್ಲ, ಹರಿವು ಹೆಚ್ಚಾಗಿಲ್ಲವಲ್ಲ.

ರೋಧ ಅಷ್ಟೇ ಇದ್ದು ಹರಿವು ಇಮ್ಮಡಿಸಿದರೆ ಶಾಖ ನಾಲ್ಕು ಪಟ್ಟು. ಜೇಮ್ಸ್ ಜೌಲ್ 1841ರಲ್ಲಿ ಪ್ರಕಟಿಸಿದ್ದು ಇದನ್ನೇ. ನಮ್ಮ ನಾಡಿನ ಮೊದಲ ದೊಡ್ಡ ವಿದ್ಯುತ್ ಕೆಲಸವೂ ಇದೇ ಲೆಕ್ಕದ ಮೇಲೆ ನಿಂತಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ, ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದರು. ಮನೆಯ ವೋಲ್ಟೇಜಿನಲ್ಲಿ ಕಳಿಸಿದ್ದರೆ ಅಷ್ಟು ವಿದ್ಯುತ್ತೂ ದಾರಿಯಲ್ಲೇ ತಂತಿ ಕಾಯಿಸುವುದಕ್ಕೆ ಮುಗಿಯುತ್ತಿತ್ತು. ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಅದೇ ಸಾಮರ್ಥ್ಯಕ್ಕೆ ಹರಿವು ಹತ್ತರಲ್ಲೊಂದು, ತಂತಿಯ ನಷ್ಟ ನೂರರಲ್ಲೊಂದು. ಅದಕ್ಕೇ ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಕಳಿಸಿದರು.

ಪಂಪ್‌ಸೆಟ್ ಇರುವವರಿಗೆ ಒಂದು ಮಾತು. ಈ ನೇರ ಲೆಕ್ಕ ಗೀಸರ್, ಇಸ್ತ್ರಿಪೆಟ್ಟಿಗೆಗೆ ಸರಿ. ಮೋಟಾರಿನಲ್ಲಿ ವೋಲ್ಟ್-ಆಂಪಿಯರ್ ಗುಣಲಬ್ಧವನ್ನು ಪವರ್ ಫ್ಯಾಕ್ಟರಿನಿಂದಲೂ (ಆ ಗುಣಲಬ್ಧದಲ್ಲಿ ನಿಜವಾದ ಸಾಮರ್ಥ್ಯ ಎಷ್ಟು ಪಾಲು ಅನ್ನುವ ಸಂಖ್ಯೆ), ತ್ರೀ ಫೇಸ್ ಆದರೆ 1.732ರಿಂದಲೂ ಗುಣಿಸಬೇಕು. ಇನ್ನೊಂದು, ವೋಲ್ಟೇಜ್ ಇಳಿದಾಗ ಗೀಸರ್ ಕಡಿಮೆ ಎಳೆಯುತ್ತದೆ, ನೀರೆತ್ತುತ್ತಿರುವ ಮೋಟಾರ್ ಹೆಚ್ಚು ಎಳೆಯುತ್ತದೆ. 7.5 ಆಂಪಿಯರ್ ಇದ್ದದ್ದು 9.5 ಆದರೆ ವೈಂಡಿಂಗ್‌ನ, ಅಂದರೆ ಒಳಗಿನ ತಂತಿ ಸುರುಳಿಯ, ಶಾಖ 1.6 ಪಟ್ಟು. ಲೋ ವೋಲ್ಟೇಜಿನಲ್ಲಿ ಮೋಟಾರ್ ಸುಡುವ ಕಥೆ ಇಷ್ಟೇ.

ಮನೆಗೆ ಹೋದ ಮೇಲೆ ಗೀಸರ್ ಓಡಿಸಿ, ಸ್ವಿಚ್ ಆರಿಸಿ, ಪ್ಲಗ್ಗಿನ ಮೈ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ವೈರ್‌ಮನ್‌ರನ್ನು ಕರೆಸಿ. ನನ್ನ ಸಾಕೆಟ್ಟಿನೊಳಗಿನ ಪಟ್ಟಿ ಸಡಿಲವಾಗಿತ್ತು. ಸಾಕೆಟ್ಟು, ಪ್ಲಗ್ಗು ಎರಡನ್ನೂ ಬದಲಿಸಿ ಮತ್ತೆ ಅಳೆದೆ: 0.1 ವೋಲ್ಟ್, ಅದೇ 8.4 ಆಂಪಿಯರ್. ಗುಣಿಸಿದರೆ ಒಂದು ವ್ಯಾಟೂ ಇಲ್ಲ. ಅರ್ಧ ಗಂಟೆ ಓಡಿಸಿ, ಆರಿಸಿ ಮುಟ್ಟಿದೆ, ತಣ್ಣಗಿತ್ತು.