ಹಿಡಿದ ಮೊಲ, ತಪ್ಪಿಸಿಕೊಂಡ ಮೊಲ: ಕಪ್ಪತಗುಡ್ಡದ ಸೆರಗಿನ ಬೇಟೆಯ ನೆನಪುಗಳು

ನಮಸ್ಕಾರ. ಹತ್ತು ನಿಮಿಷ ತಡವಾಗಿ ಬಂದಿದ್ದೇನೆ, ಕ್ಷಮಿಸಿ. ತಡವಾದ ಕಾರಣವೂ ಇವತ್ತಿನ ವಿಷಯಕ್ಕೇ ಸೇರಿದ್ದು. ಅಲ್ಲಿಂದಲೇ ಶುರು ಮಾಡುತ್ತೇನೆ.

ಮುಂಡರಗಿ ಕಡೆಯಿಂದ ಗದಗಿಗೆ ಬರುತ್ತಿದ್ದೆ. ಡಂಬಳ ಇನ್ನೂ ಬಂದಿರಲಿಲ್ಲ. ರಸ್ತೆ ನಡುವೆ ಒಂದು ಮೊಲ ಸತ್ತು ಬಿದ್ದಿತ್ತು. ರಾತ್ರಿ ಯಾವುದೋ ಲಾರಿ ಬಡಿದಿರಬೇಕು. ಕಿವಿಯ ಹತ್ತಿರ ಒಂದಿಷ್ಟು ರಕ್ತ, ಅಷ್ಟೇ. ಅದರ ಪಕ್ಕ ಬೈಕಿನವರೊಬ್ಬರು ನಿಂತಿದ್ದರು. "ತಗೊಂಡ ಹೋಗ್ಲೇನ್ರೀ ಸರ?" ಅಂದರು. ನಾನು ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು, ಬಾಯಿ ಸುಮ್ನೆ ಇರಬೇಕಲ್ಲ. ಸತ್ತು ಬಿದ್ದ ಕಾಡುಪ್ರಾಣಿಯೂ ಕಾನೂನಿನ ಪ್ರಕಾರ ಸರ್ಕಾರದ ಆಸ್ತಿ, ಮುಟ್ಟಬಾರದು ಅಂದೆ. ಅವರು ಮೊಲವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಲಾರಿಯಾಂವ ಕೊಂದ್ರ ತಪ್ಪಿಲ್ಲ, ನಾ ಎತ್ತಿಕೊಂಡ್ರ ತಪ್ಪು. ಚಲೋ ಐತಿ ಬಿಡ್ರಿ" ಅಂತ ಬೈಕ್ ಒದ್ದು ಹೋದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೊಂದು ಗಾಡಿ ಹತ್ತದಿರಲಿ ಅಂತ ಮೊಲದ ಕಾಲು ಹಿಡಿದು ಬದುವಿಗೆ ಸರಿಸಿದೆ. ಮುಟ್ಟಬಾರದು ಅಂದವನು ನಾನೇ, ಮುಟ್ಟಿದವನೂ ನಾನೇ.

ಮೂರು ವರ್ಷದಿಂದ ನಾನು ಮಾಡುತ್ತಿರುವ ಕೆಲಸ ಇಷ್ಟು. ಕಪ್ಪತಗುಡ್ಡದ ಸುತ್ತಲಿನ ಊರುಗಳಲ್ಲಿ, ಮುಂಡರಗಿ, ಶಿರಹಟ್ಟಿ, ಗದಗ ತಾಲೂಕಿನ ಕಟ್ಟೆಗಳ ಮೇಲೆ ಕೂತು, ಹಿಂದೆ ಮೊಲದ ಬೇಟೆಗೆ ಹೋಗುತ್ತಿದ್ದ ಅಜ್ಜಂದಿರ ಮಾತು ಕೇಳುವುದು. ಅವರ ಹೆಸರಾಗಲಿ ಊರಾಗಲಿ ಹೇಳುವುದಿಲ್ಲ. ಅರಣ್ಯ ಇಲಾಖೆಯವರು ಯಾರಾದರೂ ಇಲ್ಲಿ ಕೂತಿದ್ದರೆ ಗಾಬರಿ ಬೇಡ. ಎಲ್ಲರೂ ಎಪ್ಪತ್ತು ದಾಟಿದವರು. ಒಬ್ಬರ ಕೈಯಲ್ಲಿ ಬಡಿಗೆ ಇದೆ ನಿಜ, ಅದು ನಡೆಯೋಕೆ.

ಮೊದಲು ಮೊಲದ ಬಗ್ಗೆ ಒಂದು ಮಾತು. ಪೇಟೆಯಲ್ಲಿ ಪಂಜರದಲ್ಲಿಟ್ಟು ಮಾರುವ ಬಿಳಿ ಮೊಲ ಬೇರೆ, ನಮ್ಮ ಹೊಲದ ಮೊಲ ಬೇರೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು, ಅದಕ್ಕೇ ಗೊಂದಲ. ಬಿಳಿ ಮೊಲದ ಮೂಲ ಯುರೋಪು. ಅದು ಬಿಲ ತೋಡುವ ಜಾತಿ, ಅದರ ಮರಿ ಹುಟ್ಟುವಾಗ ಕೂದಲಿರುವುದಿಲ್ಲ, ಕಣ್ಣು ಮುಚ್ಚಿರುತ್ತದೆ. ನಮ್ಮದು ಕತ್ತಿನ ಹಿಂದೆ ಕಪ್ಪು ಪಟ್ಟೆ ಇರುವ ಮೊಲ. ಇದು ಬಿಲ ತೋಡುವುದಿಲ್ಲ. ಮರಿ ಮೈತುಂಬ ಕೂದಲು ಹೊತ್ತು, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದೆ. ಹಗಲೆಲ್ಲ ಹುಲ್ಲಿನ ಬುಡದಲ್ಲೋ ಕಂಟಿಯ ಕೆಳಗೋ ತನ್ನ ಮೈಯಳತೆಯ ಸಣ್ಣ ತಗ್ಗು ಮಾಡಿಕೊಂಡು ಮಲಗುತ್ತದೆ. ನಾವು ಪುಸ್ತಕ ಓದಿ ಕಲಿತದ್ದನ್ನು ಒಬ್ಬ ಅಜ್ಜ ಒಂದೇ ಸಾಲಿನಲ್ಲಿ ಹೇಳಿಬಿಟ್ಟರು: "ಬಿಲದಾಗ ಕೈ ಹಾಕಿದ್ರ ಹಾವು ಸಿಗತೈತಿ, ಮೊಲ ಅಲ್ಲ." ಆ ತಗ್ಗಿಗೆ ಅಂಗೈ ಇಟ್ಟು ನೋಡುತ್ತಿದ್ದರಂತೆ. ಬೆಚ್ಚಗಿದ್ದರೆ ಮೊಲ ಈಗಷ್ಟೇ ಎದ್ದಿದೆ, ಇಲ್ಲೇ ಎಲ್ಲೋ ಇದೆ. ತಣ್ಣಗಿದ್ದರೆ ಮುಂದಿನ ಕಂಟಿಗೆ ನಡೆ.

ಬೇಟೆಯ ಕಾಲ ಅಂದರೆ ಹಿಂಗಾರಿ ಜೋಳ ಕಿತ್ತ ಮೇಲೆ, ಯುಗಾದಿಯ ಒಳಗೆ. ಅಷ್ಟೊತ್ತಿಗೆ ಎರೆಹೊಲ ಬರಿದು, ಕಡಲೆಯೂ ಇಲ್ಲ, ಕುಸುಬೆಯೂ ಇಲ್ಲ. ಮೊಲಕ್ಕೆ ಮರೆ ಅಂತ ಉಳಿಯುವುದು ಬದುವಿನ ಹುಲ್ಲು ಮತ್ತು ಗುಡ್ಡದ ಕೆಳಗಿನ ಮಸಾರಿಯ ಕುರುಚಲು. ಅಲ್ಲಿ ಬಲೆ ಹಾಕುತ್ತಿದ್ದರು. ಪುಂಡಿ ನಾರಿನ ಹುರಿಯ ಬಲೆ, ಮೊಣಕಾಲಿನಿಂದ ಸ್ವಲ್ಪ ಮೇಲೆ ಬರುವಷ್ಟು ಎತ್ತರ. ಅದನ್ನು ಗಟ್ಟಿಯಾಗಿ ಕಟ್ಟುತ್ತಿದ್ದರು ಅಂದುಕೊಂಡಿದ್ದೆ ನಾನು. ಅಜ್ಜ ನಕ್ಕರು. ಬಿಗಿ ಕಟ್ಟಿದರೆ ಮೊಲ ಬಡಿದು ವಾಪಸ್ ಪುಟಿಯುತ್ತದೆ. ಸಣ್ಣ ಕಡ್ಡಿಗಳಿಗೆ ಸುಮ್ನೆ ಆನಿಸಿ ನಿಲ್ಲಿಸಬೇಕು. ಮೊಲ ಬಂದು ಬಡಿದ ಕೂಡಲೇ ಬಲೆ ಅದರ ಮೇಲೆ ಕುಸಿಯಬೇಕು. ಒದ್ದಾಡಿದಷ್ಟೂ ಸುತ್ತಿಕೊಳ್ಳುತ್ತದೆ.

ಬಲೆ ಯಾವಾಗಲೂ ಇಳಿಜಾರಿನ ಕೆಳಗೆ, ಸೋವುವವರು ಮೇಲಿನಿಂದ. ಇದು ಯಾಕೆ ಗೊತ್ತಾ? ಮೊಲದ ಹಿಂಗಾಲು ಉದ್ದ, ಮುಂಗಾಲು ಗಿಡ್ಡ. ಏರು ಹತ್ತುವಾಗ ಅದಕ್ಕೆ ಎದುರಿಲ್ಲ. ಇಳಿಯುವಾಗ ಮಾತ್ರ ಆ ಉದ್ದದ ಕಾಲೇ ಅದಕ್ಕೆ ತೊಡಕು. ಇಪ್ಪತ್ತು ಮೂವತ್ತು ಜನ ಸಾಲಾಗಿ ನಿಂತು, ತಗಡು ಬಡಿಯುತ್ತ, ಹೋ ಅಂತ ಕೂಗುತ್ತ ಇಳಿಯುತ್ತಿದ್ದರು. ಮೊಲದ ಕಣ್ಣು ತಲೆಯ ಎರಡೂ ಪಕ್ಕಕ್ಕಿದೆ, ಹಿಂದೆ ಬರುವವರು ಕಾಣುತ್ತಾರೆ, ಪಕ್ಕದವರೂ ಕಾಣುತ್ತಾರೆ. ನೇರ ಮೂಗಿನ ಮುಂದಿನದು ಮಾತ್ರ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಬಲೆ ಇರುವುದೂ ಅಲ್ಲೇ.

ಇನ್ನು ನಾಯಿ. ಮುಧೋಳ ನಾಯಿ ಅಂದರೆ ಈಗ ಎಲ್ಲರಿಗೂ ಹೆಮ್ಮೆ, 2005ರಲ್ಲಿ ಅದರ ಅಂಚೆ ಚೀಟಿಯೂ ಬಂತು. ನಮ್ಮ ಅಜ್ಜಂದಿರ ಹತ್ತಿರ ಇದ್ದದ್ದು ಅದರ ದೂರದ ನೆಂಟರು ಅನ್ನಬಹುದು. ಹೊಟ್ಟೆ ಬೆನ್ನಿಗೆ ಹತ್ತಿದ, ಉದ್ದ ಮೂತಿಯ ಬ್ಯಾಟಿ ನಾಯಿಗಳು. ಮೂಗಿಗಿಂತ ಕಣ್ಣನ್ನೇ ಜಾಸ್ತಿ ನಂಬುವ ಜಾತಿ. ಮೊಲ ಕಂಡರೆ ಸಾಕು, ಬಾಣ. ಆದರೆ ಮೊಲ ನೇರ ಓಡುವ ಪ್ರಾಣಿ ಅಲ್ಲ. ನಾಯಿಯ ಬಾಯಿ ಬಾಲಕ್ಕೆ ಬಂತು ಅನ್ನುವಾಗ ಸರಕ್ಕನೆ ತಿರುಗುತ್ತದೆ. ನಾಯಿ ಹತ್ತು ಮಾರು ಮುಂದೆ ಹೋಗಿ ಮುಗ್ಗರಿಸುತ್ತದೆ. ಅದಕ್ಕೇ ಒಂದು ನಾಯಿ ಸಾಲುವುದಿಲ್ಲ. ಬಸವಣ್ಣನವರ ಒಂದು ವಚನದಲ್ಲಿ ಒಂದು ಮೊಲದ ಮೇಲೆ ಒಂಬತ್ತು ನಾಯಿ ಬಿಟ್ಟ ಹೋಲಿಕೆ ಬರುತ್ತದೆ. ಅವರು ಹೇಳುತ್ತಿದ್ದದ್ದು ಮನಸ್ಸು ಮತ್ತು ಇಂದ್ರಿಯಗಳ ಮಾತು. ನನಗೆ ಬೆರಗಾಗುವುದು ಹೋಲಿಕೆ. ಹನ್ನೆರಡನೇ ಶತಮಾನದಲ್ಲಿ ಕೇಳುತ್ತ ಕೂತವರಿಗೆ ಅದನ್ನು ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ ಅಲ್ವಾ? ಎಲ್ಲರೂ ಹೊಲದಲ್ಲಿ ನೋಡಿದ್ದೇ.

ರಾತ್ರಿ ಬೇಟೆ ಬೇರೆ ತರಹ. ಅಮಾವಾಸ್ಯೆಯ ಆಚೆ ಈಚೆ ಹೋಗುತ್ತಿದ್ದರು. ಬೆಳದಿಂಗಳಲ್ಲಿ ಮೊಲಕ್ಕೆ ನಮ್ಮ ನೆರಳೂ ಕಾಣುತ್ತದೆ, ಕತ್ತಲಲ್ಲಿ ದೀಪ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಒಬ್ಬರ ತಲೆ ಮೇಲೆ ದೀಪ, ಕೈಯಲ್ಲಿ ಗಂಟೆ. ಗಂಟೆಯ ಸದ್ದಿನಲ್ಲಿ ಹೆಜ್ಜೆ ಸಪ್ಪಳ ಮುಚ್ಚಿಹೋಗುತ್ತಿತ್ತಂತೆ. ಬೆಳಕಿಗೆ ಮಂಕಾದ ಮೊಲ ಕೂತಲ್ಲೇ ಕೂರುತ್ತಿತ್ತು. ಇಲ್ಲವೇ ಬೆಳಕಿನ ದಾರಿಯಲ್ಲೇ ಓಡುತ್ತಿತ್ತು, ಪಕ್ಕದ ಕತ್ತಲೆಗೆ ಜಿಗಿಯುವುದು ಅದಕ್ಕೆ ತೋಚುತ್ತಿರಲಿಲ್ಲ. ಇವತ್ತು ಬೆಳಿಗ್ಗೆ ರಸ್ತೆಯಲ್ಲಿ ಸತ್ತಿದ್ದೂ ಹಾಗೇ ಇರಬೇಕು. ಲಾರಿಯ ಹೆಡ್‌ಲೈಟ್ ಅಂದರೆ ಅದೇ ತಲೆ ಮೇಲಿನ ದೀಪ, ಸ್ವಲ್ಪ ದೊಡ್ಡದು.

ಪಾಲು ಹಂಚುವ ವಿಷಯ ಬಂದಾಗ ಅಜ್ಜಂದಿರ ದನಿಯೇ ಬದಲಾಗುತ್ತದೆ. ಎರಡು, ಎರಡೂವರೆ ಕಿಲೋ ತೂಗುವ ಪ್ರಾಣಿ. ಅದರಲ್ಲಿ ಬಲೆಯವರಿಗೆ ಒಂದು ಪಾಲು ಹೆಚ್ಚು, ಮೊದಲು ಕೈ ಹಾಕಿದವರಿಗೆ ತಲೆ, ನಾಯಿಗೂ ಒಂದು ಪಾಲು. ಇಪ್ಪತ್ತು ಮನೆಗೆ ಹಂಚಿದರೆ ಒಬ್ಬೊಬ್ಬರ ರೊಟ್ಟಿಗೆ ಬರುವುದು ಎರಡು ತುಂಡು ಮತ್ತು ಖಾರದ ರಸ. "ಹೊಟ್ಟಿ ತುಂಬಾಕ ಹೋಗ್ತಿದ್ವಿ ಅಂತ ತಿಳೀಬ್ಯಾಡ್ರಿ" ಅಂದರು ಒಬ್ಬರು. ಒಂದು ವರ್ಷ ಮಾತ್ರ ಹೊಟ್ಟೆಗೇ ಹೋಗಿದ್ದರು. 1972ರ ಬರ. ಮಳೆ ಇಲ್ಲ, ಜೋಳ ಇಲ್ಲ, ಕಲ್ಲು ಒಡೆಯುವ ಕೆಲಸಕ್ಕೆ ಹೋದ ಕಾಲ. ಅದೇ 1972ರಲ್ಲಿ ದೆಹಲಿಯಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪಾಸಾಯಿತು. ಮೊಲದ ಹೆಸರೂ ಅದರ ಪಟ್ಟಿಯಲ್ಲಿತ್ತು. ನಾನು ಇದನ್ನು ಹೇಳಿದಾಗ ಆ ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ವರ್ಷ ಮೊಲಾನೂ ಬಡಕಲ ಇದ್ದೂ ಬಿಡ್ರಿ" ಅಂದರು.

ಆ ಕಾಯ್ದೆಯಲ್ಲಿ ಮೊದಲು ಲೈಸೆನ್ಸ್ ಪಡೆದು ಬೇಟೆಯಾಡಲು ಅವಕಾಶ ಇತ್ತು. 1991ರ ತಿದ್ದುಪಡಿಯಲ್ಲಿ ಆ ಬಾಗಿಲು ಮುಚ್ಚಿತು. 2022ರ ತಿದ್ದುಪಡಿಯಾದ ಮೇಲೆ ಮೊಲ ಎರಡನೇ ಪಟ್ಟಿಯಲ್ಲಿದೆ. ಕೊಂದರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಯಿತು, 244 ಚದರ ಕಿಲೋಮೀಟರ್. ಅದರೊಳಗೆ ಬೇಟೆಯಾಡಿದರೆ ಶಿಕ್ಷೆ ಇನ್ನೂ ಜೋರು. ನಾನು ಕಾನೂನಿನ ಪರ. ಬೇಟೆ ಮತ್ತೆ ಶುರುವಾಗಲಿ ಅಂತ ಹೇಳೋಕೆ ಇಲ್ಲಿ ನಿಂತಿಲ್ಲ.

ಮೊದಲು ನನಗೊಂದು ಆಸೆ ಇತ್ತು, ಒಪ್ಪಿಕೊಳ್ಳುತ್ತೇನೆ. ಯಾರಾದರೂ ಒಬ್ಬರು, ಮೊಲದ ಕಣ್ಣು ನೋಡಿ ಕರುಳು ಚುರ್ ಅಂದು ಬಲೆ ಬಿಟ್ಟೆ ಅಂತ ಹೇಳಲಿ ಅನ್ನೋ ಆಸೆ. ಉಪನ್ಯಾಸಕ್ಕೆ ಚೆನ್ನಾಗಿರುತ್ತಲ್ಲ. ಒಬ್ಬರೂ ಹಾಗೆ ಹೇಳಲಿಲ್ಲ. ಸಿಕ್ಕಿಬಿದ್ದ ಮೊಲ ಕೂಸಿನ ಹಾಗೆ ಚೀರುತ್ತದೆ ಅಂತ ಎಲ್ಲರೂ ಹೇಳಿದರು. ಆದರೂ ಮುಂದಿನ ವಾರ ಹೋಗುತ್ತಿದ್ದೆವು ಅಂತಲೂ ಎಲ್ಲರೂ ಹೇಳಿದರು. ಬಿಟ್ಟಿದ್ದು ಯಾಕೆ ಅಂದರೆ ನಾಯಿ ಸತ್ತಿತು, ಮೊಣಕಾಲು ಹೋಯಿತು, ಮಗ ಹುಬ್ಬಳ್ಳಿಗೆ ಕೆಲಸಕ್ಕೆ ಹೋದ, ಸೋವೋಕೆ ಜನ ಸಿಗಲಿಲ್ಲ. ಒಬ್ಬರ ಬಲೆಯನ್ನು ಇಲಿ ಕಡಿಯಿತು. ಹೊಸದು ನೇಯೋಣ ಅಂದರೆ ಪುಂಡಿ ಬಿತ್ತುವುದನ್ನೇ ಅವರ ಮನೆಯಲ್ಲಿ ಬಿಟ್ಟಿದ್ದರು.

ಇನ್ನೊಂದು ವಿಷಯ ನನ್ನ ಗಮನಕ್ಕೆ ಬಂದಿದ್ದು ಬಹಳ ತಡವಾಗಿ, ನೋಟ್‌ಬುಕ್ ತುಂಬಿದ ಮೇಲೆ. ಹಿಡಿದ ಮೊಲದ ಕಥೆ ಯಾರೂ ಹೇಳುತ್ತಿರಲಿಲ್ಲ. ನೂರಾರು ಹಿಡಿದಿದ್ದಾರೆ, ಆದರೆ ಅವೆಲ್ಲ ಒಂದೇ ಮೊಲದ ಹಾಗೆ ಕಲಸಿಹೋಗಿವೆ. ನೆನಪಿರುವುದೆಲ್ಲ ತಪ್ಪಿಸಿಕೊಂಡವು. ಯಾವ ಬದು, ಯಾವ ಬನ್ನಿಗಿಡ, ಯಾವ ಹಳ್ಳದ ತಿರುವು, ಗಾಳಿ ಯಾವ ಕಡೆಯಿಂದ ಇತ್ತು, ಎಲ್ಲಾ ಹೇಳುತ್ತಾರೆ. ಒಂದು ಮೊಲ ಬಂದ ದಾರಿಯಲ್ಲೇ ವಾಪಸ್ ಹತ್ತು ಹೆಜ್ಜೆ ಹೋಗಿ, ಅಲ್ಲಿಂದ ಪಕ್ಕಕ್ಕೆ ದೊಡ್ಡ ಜಿಗಿತ ಜಿಗಿದು ಕಂಟಿ ಸೇರಿತಂತೆ. ಹೆಜ್ಜೆ ನೋಡಿಕೊಂಡು ಹೋದವರಿಗೆ ಮೊಲ ಅಲ್ಲಿಂದ ಆಕಾಶಕ್ಕೆ ಹೋದ ಹಾಗೆ ಕಂಡಿತು. ಮಲಗುವ ಮುಂಚೆ ಹೀಗೆ ಹೆಜ್ಜೆ ತಪ್ಪಿಸುವುದು ಮೊಲದ ಹಳೆಯ ಉಪಾಯ. ವಿಜಯನಗರದ ಕಥೆ ನಿಮಗೆಲ್ಲ ಗೊತ್ತು. ಬೇಟೆನಾಯಿಗಳನ್ನು ಮೊಲ ತಿರುಗಿ ಅಟ್ಟಿಸಿಕೊಂಡು ಬಂದ ಜಾಗದಲ್ಲಿ ರಾಜಧಾನಿ ಕಟ್ಟಿದರು ಅಂತ. ಚಿಕ್ಕವನಿದ್ದಾಗ ಅದು ರಾಜರ ಕಥೆ ಅಂದುಕೊಂಡಿದ್ದೆ. ಈಗ ಅನಿಸುತ್ತದೆ, ಬರಿಗೈಲಿ ಮನೆಗೆ ಬಂದ ಯಾವನೋ ಬೇಟೆಗಾರ ಹೆಂಡತಿಗೆ ಹೇಳಿದ ಕಥೆ ಅದು.

ಆ ಬದು, ಆ ಬನ್ನಿಗಿಡ ಈಗ ಇಲ್ಲ. ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು. ಜೆಸಿಬಿ ಬಂದು ಎರಡು ಹೊಲ ಒಂದಾಗಿದೆ. ಬದುವಿನ ಹುಲ್ಲಿಗೆ ಕಳೆನಾಶಕ ಹೊಡೆಯುತ್ತಾರೆ. ಮೊಲ ಮಲಗಬೇಕಾದ ಜಾಗ ಎಲ್ಲಿದೆ? ಬಲೆ ಹೋಗಿ ಇಷ್ಟು ವರ್ಷವಾದರೂ ಮೊಲ ಯಾಕೆ ಜಾಸ್ತಿಯಾಗಿಲ್ಲ ಅಂತ ಕೇಳಿದರೆ ಅಜ್ಜಂದಿರು ಮೊದಲು ತೋರಿಸುವುದು ಈ ಬದುಗಳನ್ನೇ.

ಬೇಟೆ ಪೂರ್ತಿ ನಿಂತಿದೆ ಅಂತಲೂ ಅಲ್ಲ. ಬೈಕಿನಲ್ಲಿ ಹೋಗುವ ಹುಡುಗರಿದ್ದಾರೆ, ಹಣೆಗೆ ಎಲ್‌ಇಡಿ ಕಟ್ಟಿಕೊಂಡು, ಸತ್ತ ಮೊಲ ಎತ್ತಿ ಹಿಡಿದು ವಿಡಿಯೋ ಮಾಡುವವರು. ಅವರನ್ನು ಕಂಡರೆ ನನಗಿಂತ ಅಜ್ಜಂದಿರಿಗೇ ಸಿಟ್ಟು ಜಾಸ್ತಿ. "ಆ ಹುಡುಗರಿಗೆ ಗಬ್ಬದ ಮೊಲ ಯಾವುದು, ಬರಿ ಹೊಟ್ಟಿದು ಯಾವುದು ಗೊತ್ತೈತೇನ್ರೀ?" ಅಂತ ಒಬ್ಬರು ಕೂಗಾಡಿದರು. ನಿಮಗೆ ಗೊತ್ತಿದ್ದಾಗ ಬಿಡುತ್ತಿದ್ದಿರಾ ಅಂದೆ. "ಕೆಲವೊಮ್ಮೆ" ಅಂದರು. ಆ ಉತ್ತರ ನನಗೆ ಇಷ್ಟವಾಯಿತು, ಸುಳ್ಳಿಲ್ಲ.

ಕೊನೆಗೆ ಒಂದು ಘಟನೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಗಾದೆ ಇಲ್ಲದೆ ಈ ಉಪನ್ಯಾಸ ಮುಗಿಯುತ್ತಾ? ಹೋದ ಚಳಿಗಾಲ ಒಂದು ಗುಡಿ ಕಟ್ಟೆಯಲ್ಲಿ ಇಬ್ಬರು ಅಜ್ಜಂದಿರ ಮುಂದೆ ತಮಾಷೆಗೆ ಅದನ್ನು ಹೇಳಿದೆ. ಅವರು ನಗಲಿಲ್ಲ. "ಇತ್ತರೀ, ಮೂರು ಕಾಲಿಂದು ಇತ್ತು" ಅಂದರು ಮೊದಲನೆಯವರು. ಉರುಲಿಗೆ ಒಂದು ಕಾಲು ಕೊಟ್ಟು ಉಳಿದ ಮೊಲ. ಎರಡು ಸುಗ್ಗಿ ಶೇಂಗಾ ಹೊಲದ ಹತ್ತಿರ ಇತ್ತಂತೆ. ಕಟ್ಟೆಯ ಕೆಳಗಿನ ಧೂಳಿನಲ್ಲಿ ಬೆರಳಿನಿಂದ ಹೆಜ್ಜೆ ಬಿಡಿಸಿದರು. ಸಾಮಾನ್ಯ ಮೊಲ ಓಡಿದರೆ ಮುಂಗಾಲಿನ ಎರಡು ಸಣ್ಣ ಗುರುತು ಒಂದರ ಹಿಂದೆ ಒಂದು ಬೀಳುತ್ತವೆ, ಅವುಗಳ ಮುಂದೆ ಹಿಂಗಾಲಿನ ಎರಡು ದೊಡ್ಡ ಗುರುತು ಅಕ್ಕಪಕ್ಕ. ಇದರಲ್ಲಿ ದೊಡ್ಡ ಗುರುತು ಒಂದೇ. "ಬಲಗಾಲು ಇರಲಿಲ್ಲ" ಅಂದರು.

"ಎಡಗಾಲು" ಅಂದರು ಎರಡನೆಯವರು. ಬಗ್ಗಿ, ಆ ದೊಡ್ಡ ಗುರುತು ಅಳಿಸಿ, ಪಕ್ಕದಲ್ಲಿ ಬೇರೆ ಬರೆದರು. ಇವರು ಅದನ್ನು ಅಳಿಸಿದರು. ಕಾಲು ಗಂಟೆ ಇದೇ ನಡೆಯಿತು. ಕಡೆಗೆ ನಾನು ಕೇಳಿದೆ, ಹೋಗಲಿ, ನಿಮ್ಮಲ್ಲಿ ಅದನ್ನು ಹಿಡಿದವರು ಯಾರು?

ಇಬ್ಬರೂ ನನ್ನನ್ನು ಪೆದ್ದನನ್ನು ನೋಡುವ ಹಾಗೆ ನೋಡಿದರು. "ಎಲ್ಲಿ ಹಿಡಿಯೂದ್ರೀ ಅದನ್ನ" ಅಂದರು ಮೊದಲನೆಯವರು. ಮತ್ತೆ ಧೂಳಿಗೆ ಬಗ್ಗಿದರು.